ಅಪ್ಪನ ಪದ್ಮಿನಿಯ ಬಣ್ಣ ಸತ್ತಿಲ್ಲ, ಕೆರೆಸಬೇಡಿ

ಪ್ರಶ್ನೆ: ನಮ್ಮ ತಂದೆಯವರ 1982ರ ಪ್ರೀಮಿಯರ್ ಪದ್ಮಿನಿ ಮಲ್ಲೇಶ್ವರದ ಮನೆ ಮುಂದೆ ಮಳೆಮರದ ಪಕ್ಕ ವರ್ಷಗಳಿಂದ ನಿಂತಿದೆ. ಕಡುಗೆಂಪು ಬಣ್ಣ, ಕಂಪನಿಯಿಂದ ಬಂದದ್ದೇ. ಎಡಗಡೆ ಮುಂದಿನ ಮಡ್‌ಗಾರ್ಡ್‌ಗೆ ಮಾತ್ರ ಹಿಂದೊಮ್ಮೆ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಿದ್ದರು. ಈಗ ಬಾನೆಟ್, ಟಾಪ್, ಡಿಕ್ಕಿ ಮೂರೂ ಬಿಳಿಚಿಕೊಂಡಿವೆ. ಕೈಯಿಟ್ಟರೆ ಕೆಂಪು ಪುಡಿ ಅಂಟುತ್ತದೆ. ಮಳೆ ಬಿದ್ದಾಗ ಮಾತ್ರ ಹಳೆಯ ಬಣ್ಣ ಕಾಣುತ್ತದೆ, ಒಣಗಿದರೆ ಮತ್ತೆ ಅದೇ ಕಥೆ. ಗ್ಯಾರೇಜಿನವರು ಪೂರ್ತಿ ಕೆರೆದು ಮೆಟಾಲಿಕ್ ಹೊಡೆಯೋಣ ಅನ್ನುತ್ತಿದ್ದಾರೆ. ಪಕ್ಕದ ಮನೆಯವರು ಸೀಮೆಎಣ್ಣೆ ಹಾಕಿ ಒರೆಸಿ ಅಂತಾರೆ. ಇರುವ ಬಣ್ಣವನ್ನೇ ಉಳಿಸಿಕೊಳ್ಳಲು ಆಗುತ್ತದೆಯೇ? ಬಂಪರಿನ ಕ್ರೋಮ್‌ಗೆ ಏನು ಮಾಡಬೇಕು?

ಉತ್ತರ: ಉಳಿಸಿಕೊಳ್ಳಬಹುದು. ಅದಕ್ಕೆ ಬೇಕಾದ ಸಾಕ್ಷಿ ನಿಮ್ಮ ಪ್ರಶ್ನೆಯಲ್ಲೇ ಇದೆ. ಕೈಗೆ ಅಂಟುವ ಕೆಂಪು ಪುಡಿ ಒಂದು, ಮಳೆಯಲ್ಲಿ ಮರಳುವ ಬಣ್ಣ ಇನ್ನೊಂದು. ಈ ಎರಡೂ ಇರುವ ಕಾರನ್ನು ಕೆರೆಯಲು ಕೊಡುವುದು ಅನ್ಯಾಯ. ಗ್ಯಾರೇಜಿನವರಿಗೆ ಸದ್ಯಕ್ಕೆ ಬೇಡ ಅಂದುಬಿಡಿ.

ಪುಡಿ ಏಕೆ ಒಳ್ಳೆಯ ಸುದ್ದಿ ಅಂತ ಮೊದಲು ಹೇಳುತ್ತೇನೆ. ಈಗಿನ ಕಾರುಗಳಲ್ಲಿ ಬಣ್ಣದ ಪದರ ತೀರಾ ತೆಳು. ಅದರ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪದರ ಕೂತಿರುತ್ತದೆ, ಹೊಳಪೆಲ್ಲ ಅದರದ್ದು. ಅದು ಹೋದರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ, ಯಾವ ಪಾಲಿಶ್‌ಗೂ ಬಗ್ಗುವುದಿಲ್ಲ. ನಿಮ್ಮ ಪದ್ಮಿನಿಯದ್ದು ಹಾಗಲ್ಲ. ಆ ಕಾಲದ ಬಣ್ಣದಲ್ಲಿ ವರ್ಣವೂ ಹೊಳಪೂ ಒಂದೇ ಪದರದಲ್ಲಿರುತ್ತಿದ್ದವು, ಮೇಲಿನಿಂದ ತಗಡಿಗೆ ಮೊದಲು ಹೊಡೆಯುವ ತಳಪದರವಾದ ಪ್ರೈಮರ್‌ವರೆಗೆ ಅದೇ ಕೆಂಪು. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ವರ್ಣದ ಕಣಗಳನ್ನು ಹಿಡಿದಿಟ್ಟ ಅಂಟನ್ನು ಮೇಲ್ಗಡೆಯಿಂದ ಒಡೆಯುತ್ತಾ ಬರುತ್ತದೆ. ಅಂಟು ಹೋದ ಕಣಗಳು ಸಡಿಲವಾಗಿ ಪುಡಿಯಾಗುತ್ತವೆ. ಮೇಲ್ಮೈ ಒರಟಾಗಿರುವುದರಿಂದ ಬೆಳಕು ಎಲ್ಲ ದಿಕ್ಕಿಗೂ ಚೆದುರುತ್ತದೆ, ಕಣ್ಣಿಗೆ ಬಿಳಿಚಿದಂತೆ ಕಾಣುತ್ತದೆ. ನೀರು ಬಿದ್ದಾಗ ಆ ಹಳ್ಳತಿಟ್ಟು ತುಂಬಿ ಮಟ್ಟವಾಗುತ್ತದೆ, ಚೆದುರುವುದು ನಿಲ್ಲುತ್ತದೆ, ಕೆಳಗಿನ ಕೆಂಪು ಕಾಣುತ್ತದೆ. ಅಂದರೆ ಕೆಳಗೆ ಕೆಂಪು ಇದೆ. ಹಾಳಾಗಿರುವುದು ಮೇಲಿನ ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು).

ಇದನ್ನು ನೀವೇ ಖಚಿತ ಮಾಡಿಕೊಳ್ಳಿ. ಟಾಪಿನ ನಡುಮಧ್ಯೆ ಒಂದು ಚೊಂಬು ನೀರು ಹಾಕಿ. ಬಾಗಿಲು ತೆಗೆದರೆ ಚೌಕಟ್ಟಿನ ಒಳಭಾಗದಲ್ಲಿ ಬಿಸಿಲು ಕಾಣದ ಬಣ್ಣ ಇರುತ್ತದಲ್ಲ, ಅದರ ಪಕ್ಕ ಹೋಲಿಸಿ ನೋಡಿ. ನೆನೆದ ಟಾಪು ಅದರ ಹತ್ತಿರ ಹತ್ತಿರ ಬಂದರೆ ಕೆಲಸ ಸಾಧ್ಯ. ನೆನೆದ ಮೇಲೂ ಅದು ಗುಲಾಬಿ ಬಣ್ಣಕ್ಕೇ ನಿಂತರೆ ಅಲ್ಲಿ ಅಂಟಿನ ಜೊತೆ ವರ್ಣವೂ ಸುಟ್ಟಿದೆ ಎಂದರ್ಥ. ಹಳೆಯ ಕೆಂಪು ವರ್ಣಗಳಲ್ಲಿ ಹಲವಕ್ಕೆ ಬಿಸಿಲು ತಡೆಯುವ ಶಕ್ತಿ ಕಡಿಮೆ. ಆಗಲೂ ಆಸೆ ಬಿಡಬೇಕಿಲ್ಲ, ಸ್ವಲ್ಪ ಹೆಚ್ಚು ಆಳಕ್ಕೆ ಹೋಗಬೇಕಾಗುತ್ತದೆ ಅಷ್ಟೆ.

ಬೆಂಗಳೂರಿನ ಹವೆ ತಂಪು, ಇಲ್ಲಿ ಕಾರಿನ ಬಣ್ಣ ಹೆಚ್ಚು ಬಾಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ತಂಪಿಗೂ ನೇರಳಾತೀತಕ್ಕೂ ಸಂಬಂಧವಿಲ್ಲ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ, 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ನಡುವೆ ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಎತ್ತರ ಹೆಚ್ಚಿದಷ್ಟೂ ನೇರಳಾತೀತ ಹೆಚ್ಚು. ಆಕಾಶಕ್ಕೆ ಮುಖ ಮಾಡಿದ ಬಾನೆಟ್, ಟಾಪ್, ಡಿಕ್ಕಿ ಮೂರೇ ನಿಮ್ಮಲ್ಲಿ ಹಾಳಾಗಿ, ಬಾಗಿಲುಗಳು ಉಳಿದುಕೊಂಡಿರುವುದು ಇದಕ್ಕೇ. ಮಳೆಮರ ನೆರಳು ಕೊಡುತ್ತದೆ ನಿಜ, ಆದರೆ ಅದರ ಮೇಲಿನ ಕೀಟಗಳು ಸುರಿಸುವ ಸಿಹಿ ಅಂಟು ದಿನವೂ ಕಾರಿನ ಮೇಲೆ ಬೀಳುತ್ತದೆ. ಅದಕ್ಕೆ ದೂಳು ಹಿಡಿಯುತ್ತದೆ, ಮಳೆಗಾಲದಲ್ಲಿ ಕಪ್ಪು ಬೂಷ್ಟು ಕಟ್ಟುತ್ತದೆ. ಹಕ್ಕಿ ಹಿಕ್ಕೆಯ ಮಾತು ಬೇರೆಯೇ.

ಇನ್ನು ಸೀಮೆಎಣ್ಣೆ. ಹಳೆಯ ಡ್ರೈವರುಗಳು ಬಕೆಟ್ ನೀರಿಗೆ ಒಂದಿಷ್ಟು ಸೀಮೆಎಣ್ಣೆ ಬೆರೆಸಿ ಒರೆಸುತ್ತಿದ್ದರು, ಕಾರು ಮಿಂಚುತ್ತಲೂ ಇತ್ತು. ಮಳೆನೀರು ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ: ಒರಟು ಮೇಲ್ಮೈಯ ಹಳ್ಳ ತುಂಬುತ್ತದೆ. ನೀರಿಗಿಂತ ನಿಧಾನವಾಗಿ ಆರುವುದರಿಂದ ಹೊಳಪು ಸ್ವಲ್ಪ ಹೊತ್ತು ಹೆಚ್ಚು ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ. ಉಳಿದ ಜಿಡ್ಡಿಗೆ ದೂಳು ಮೆತ್ತುತ್ತದೆ, ಕಿಟಕಿಯ ರಬ್ಬರ್ ಬೀಡಿಂಗ್ ಉಬ್ಬಿ ಸಡಿಲವಾಗುತ್ತದೆ. ಪದ್ಮಿನಿಗೆ ಒಳ್ಳೆಯ ಗುಣಮಟ್ಟದ ಬೀಡಿಂಗ್ ಈಗ ಸುಲಭವಾಗಿ ಸಿಗುವುದಿಲ್ಲ, ಇರುವುದನ್ನು ಕಳೆದುಕೊಳ್ಳಬೇಡಿ. ಡೀಸೆಲ್‌ಗೂ ಇದೇ ಮಾತು.

ಕೈ ಹಾಕುವ ಮುನ್ನ ಇನ್ನೆರಡು ಪರೀಕ್ಷೆ ಆಗಬೇಕು.

ಮೊದಲನೆಯದು, ಮೇಲಿರುವ ಬಣ್ಣ ಯಾವ ಜಾತಿಯದು ಎಂಬುದು. ಡಿಕ್ಕಿಯೊಳಗೆ ಕಣ್ಣಿಗೆ ಬೀಳದ ಮೂಲೆಯಲ್ಲಿ, ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರಿನಲ್ಲಿ ಅದ್ದಿದ ಹತ್ತಿಯನ್ನು ಮೆಲ್ಲಗೆ ಒತ್ತಿ ತೆಗೆಯಿರಿ. ಬಣ್ಣ ತಕ್ಷಣ ಕರಗಿ ಹತ್ತಿಗೆ ಬಂದರೆ ಅದು ನೈಟ್ರೋಸೆಲ್ಯುಲೋಸ್ ಲ್ಯಾಕರ್, ನಮ್ಮ ಪೇಂಟರುಗಳು ಡ್ಯೂಕೋ ಅನ್ನುವುದು. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ತಂದ ಈ ಬಣ್ಣ ಬೇಗ ಒಣಗುತ್ತಿದ್ದುದರಿಂದ ಕಾರು ತಯಾರಿಕೆಯ ವೇಗವನ್ನೇ ಬದಲಿಸಿತು. ಬಣ್ಣ ಕರಗದೆ ಸುಕ್ಕುಗಟ್ಟಿ ಮೆತ್ತಗಾದರೆ ಎನಾಮೆಲ್. ಏನೂ ಆಗದಿದ್ದರೆ ಚೆನ್ನಾಗಿ ಬೇಯಿಸಿದ ಎನಾಮೆಲ್ ಇರಬಹುದು, ಇಲ್ಲವೇ ಆಮೇಲೆ ಯಾರೋ ಹೊಡೆದ ಪಿಯು, ಅಂದರೆ ಗಟ್ಟಿಕಾರಕ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣ. ಇದೇ ಪರೀಕ್ಷೆಯನ್ನು ಎಡ ಮಡ್‌ಗಾರ್ಡಿನ ಒಳ ಅಂಚಿನಲ್ಲೂ ಮಾಡಿ, ಅಲ್ಲಿ ಉತ್ತರ ಬೇರೆ ಬರುವ ಸಂಭವವೇ ಹೆಚ್ಚು. ಲ್ಯಾಕರ್ ಆಗಿದ್ದರೆ ಪೆಟ್ರೋಲ್, ಥಿನ್ನರ್, ಟಾರ್ ತೆಗೆಯುವ ದ್ರಾವಣ ಯಾವುದನ್ನೂ ಅದರ ಹತ್ತಿರ ತರಬೇಡಿ.

ಎರಡನೆಯದು ದಪ್ಪ. ಈ ಪರೀಕ್ಷೆಯನ್ನು ಬಿಡಲೇಬೇಡಿ. ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರ್ ಒಳ್ಳೆಯ ಡೀಟೇಲಿಂಗ್ ಅಂಗಡಿಯವರ ಹತ್ತಿರ ಇರುತ್ತದೆ, ಒಮ್ಮೆ ಅಳೆದುಕೊಡಿ ಅಂದರೆ ಅಳೆದುಕೊಡುತ್ತಾರೆ. ನಾವು ಬರೆಯುವ 80 ಜಿಎಸ್‌ಎಂ ಕಾಗದದ ದಪ್ಪ ಸುಮಾರು 100 ಮೈಕ್ರಾನ್. ಕಾರಿನ ಬಣ್ಣ ಪ್ರೈಮರನ್ನೂ ಸೇರಿಸಿ ಹೆಚ್ಚುಕಡಿಮೆ ಅಷ್ಟೇ, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಇರುತ್ತದೆ. ಪ್ರತಿ ಭಾಗದಲ್ಲೂ ಐದಾರು ಕಡೆ ಅಳೆದು ಬರೆದಿಟ್ಟುಕೊಳ್ಳಿ. ಒಂದೊಂದು ಅಂಕಿಗಿಂತ ಅವುಗಳ ಏರುಪೇರು ಮುಖ್ಯ. ಬಾಗಿಲಲ್ಲಿ 130 ಇದ್ದು ಬಾನೆಟ್ಟಿನ ಒಂದು ಕಡೆ 70 ಬಂದರೆ, ಆ ಜಾಗವನ್ನು ಹಿಂದೆ ಯಾರೋ ರಬ್ಬಿಂಗ್ ಕಾಂಪೌಂಡ್ ಹಾಕಿ ಬಹಳ ಉಜ್ಜಿದ್ದಾರೆ, ಅಲ್ಲಿ ಇನ್ನು ಉಜ್ಜುವಂತಿಲ್ಲ. 300 ದಾಟಿದರೆ ಮೇಲೆ ಮತ್ತೆ ಬಣ್ಣ ಹೊಡೆದಿದ್ದಾರೆ. ಸಾವಿರದ ಮೇಲೆ ಹೋದರೆ ಒಳಗೆ ಪುಟ್ಟಿ ಇದೆ. ಮೀಟರ್ ಸಿಗದಿದ್ದರೆ ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ಟನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಆಡಿಸಿ. ಪುಟ್ಟಿ ಇರುವ ಕಡೆ ಹಿಡಿತ ಸಡಿಲವಾಗುವುದು ಕೈಗೆ ತಿಳಿಯುತ್ತದೆ.

ದಪ್ಪದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಪಾಲಿಶ್ ಎಂದರೆ ಏನನ್ನೋ ಮೇಲೆ ಹಚ್ಚುವುದಲ್ಲ, ಇರುವುದನ್ನು ಸವೆಸುವುದು. ನಯವಾದ ಪಾಲಿಶ್ ಒಂದೆರಡು ಮೈಕ್ರಾನ್ ತಿನ್ನುತ್ತದೆ, ಒರಟು ಕಾಂಪೌಂಡ್ ಅದರ ಹಲವು ಪಟ್ಟು. ಗಂಧದ ಕೊರಡನ್ನು ತೇಯ್ದ ಹಾಗೆ ಪ್ರತಿ ಸಲದ ಹೊಳಪಿಗೂ ಒಂದಿಷ್ಟು ಕರಗುತ್ತದೆ, ಕರಗಿದ್ದು ಮರಳಿ ಬರುವುದಿಲ್ಲ. ಆದ್ದರಿಂದ ಅತ್ಯಂತ ಮೃದುವಾದ ದಾರಿಯನ್ನು ಮೊದಲು ಹಿಡಿಯಬೇಕು. ಅದು ಸಾಲದಿದ್ದರೆ ಮಾತ್ರ ಮುಂದಿನದು. ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ಉಲ್ಟಾ. ಮೊದಲೇ ಉಣ್ಣೆ ಪ್ಯಾಡ್ ಕಟ್ಟಿದ ಮೆಷಿನ್ನು, ಒರಟು ಕಾಂಪೌಂಡು, ಅರ್ಧ ದಿನದಲ್ಲಿ ಕಾರು ಮಿರಮಿರ. ಅಷ್ಟರಲ್ಲಿ ನಿಮ್ಮ ತಂದೆಯ ಕಾಲದ ಬಣ್ಣದ ಅರ್ಧ ಆಯಸ್ಸು ಬಟ್ಟೆಗೆ ಹೋಗಿರುತ್ತದೆ.

ಈಗ ಕೆಲಸಕ್ಕೆ ಬರೋಣ. ಕಾರನ್ನು ಮರದ ಕೆಳಗಿನಿಂದ ತೆಗೆದು ಸೂರಿನಡಿ ನಿಲ್ಲಿಸಿ. ತಗಡು ಮುಟ್ಟಿದರೆ ತಣ್ಣಗಿರಬೇಕು, ಹಾಗಾಗಿ ಬೆಳಗಿನ ಹೊತ್ತೇ ಸರಿ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗಿನ ಒಣ ಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ.

ತೊಳೆಯುವ ನೀರಿನ ವಿಚಾರ ಬೆಂಗಳೂರಿನಲ್ಲಿ ಸಣ್ಣದಲ್ಲ. 2024ರ ಮಾರ್ಚ್‌ನಲ್ಲಿ, ಆಮೇಲೆ 2025ರ ಫೆಬ್ರವರಿಯಲ್ಲೂ, ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ಜಲಮಂಡಳಿ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಹಾಗೆಂದು ಬೋರ್‌ವೆಲ್ ನೀರು ಹಾಕಿದರೆ ಅದರ ಗಡಸುತನ ಕಾಡುತ್ತದೆ. ಒಣಗಿದ ಮೇಲೆ ಉಳಿಯುವ ಸುಣ್ಣದ ಉಂಗುರಗಳು ಪುಡಿಗಟ್ಟಿದ ಬಣ್ಣದೊಳಗೆ ಇಳಿದು ಕೂರುತ್ತವೆ. ಮನೆಯಲ್ಲಿ ಮಳೆನೀರು ಸಂಗ್ರಹ ಇದ್ದರೆ ಅದರಷ್ಟು ಒಳ್ಳೆಯದು ಮತ್ತೊಂದಿಲ್ಲ: ನೀರು ಮೆದು, ಸುಣ್ಣ ಇಲ್ಲವೇ ಇಲ್ಲ. ಎರಡು ಬಕೆಟ್ ಸಾಕು. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಪಾತ್ರೆ ಸೋಪು, ಬಟ್ಟೆ ಪುಡಿ ಬೇಡ, ಮೊದಲೇ ಒಣಗಿರುವ ಬಣ್ಣವನ್ನು ಅವು ಇನ್ನಷ್ಟು ಒಣಗಿಸುತ್ತವೆ. ಮೇಲಿನಿಂದ ಕೆಳಗೆ ತೊಳೆಯುತ್ತಾ ಬನ್ನಿ. ಬಕೆಟ್ ನೀರು ಕೆಂಪಾಗುತ್ತದೆ, ಗಾಬರಿಯಾಗಬೇಡಿ, ಅದು ಸತ್ತ ಪುಡಿ. ಹಕ್ಕಿ ಹಿಕ್ಕೆ ಗಟ್ಟಿಯಾಗಿದ್ದರೆ ಉಜ್ಜದೆ ಒದ್ದೆ ಬಟ್ಟೆ ಹಾಸಿ ಹತ್ತು ನಿಮಿಷ ಬಿಡಿ, ತಾನೇ ಮೆತ್ತಗಾಗಿ ಏಳುತ್ತದೆ. ಸುತ್ತಮುತ್ತ ಕಟ್ಟಡ ಕೆಲಸ ನಡೆಯುತ್ತಿದ್ದರೆ ಸಿಮೆಂಟ್ ದೂಳು ಇಬ್ಬನಿಗೆ ಸಿಕ್ಕಿ ಗಟ್ಟಿಯಾಗಿರುತ್ತದೆ. ಅದನ್ನು ಒಣ ಬಟ್ಟೆಯಲ್ಲಿ ಯಾವತ್ತೂ ಒರೆಸಬೇಡಿ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಮರೆಯಲ್ಲಿ ಒಮ್ಮೆ ಪರೀಕ್ಷಿಸಿ, ಆ ಕಲೆಗಳ ಮೇಲಷ್ಟೇ ಹಾಕಿ ತಕ್ಷಣ ತೊಳೆಯಿರಿ.

ಒಣಗಿದ ಮೇಲೆ ಕೈಗೆ ತೆಳುವಾದ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿ. ಬರಿಗೈಗೆ ತಿಳಿಯದ ತರಿತರಿ ಆಗ ತಿಳಿಯುತ್ತದೆ. ಅದು ಮರದ ಅಂಟು, ಗಾಳಿಯಲ್ಲಿ ಬಂದು ಕೂತ ಕಬ್ಬಿಣದ ಕಣ, ಸಿಮೆಂಟು. ಇದನ್ನು ತೆಗೆಯಲು ಕ್ಲೇ ಬಾರ್ ಬೇಕು, ಅಂದರೆ ಅಂಟಿದ ಕೊಳೆಯನ್ನು ಎತ್ತಿಕೊಳ್ಳುವ ಜೇಡಿಯಂಥ ಮೆತ್ತನೆ ತುಂಡು. ಜಾರುವ ದ್ರಾವಣ ಧಾರಾಳವಾಗಿ ಸಿಂಪಡಿಸಿ, ಒತ್ತದೆ, ನೇರ ಗೆರೆಯಲ್ಲಿ ಹಿಂದೆ ಮುಂದೆ ಆಡಿಸಿ. ಕೊಳೆಯಾದಂತೆ ಮಡಚಿ ಹೊಸ ಮುಖ ಮಾಡಿಕೊಳ್ಳಿ. ಕೆಳಗೆ ಬಿದ್ದ ಕ್ಲೇಯನ್ನು ಮತ್ತೆ ಬಳಸಬೇಡಿ, ಅದರಲ್ಲಿ ಸಿಕ್ಕಿದ ಒಂದೇ ಮರಳಿನ ಕಣ ಬಾನೆಟ್ ಉದ್ದಕ್ಕೂ ಗೀರು ಎಳೆಯುತ್ತದೆ.

ಇದಾದ ಮೇಲೆ ಎಲ್ಲರೂ ನೇರವಾಗಿ ಪಾಲಿಶ್‌ಗೆ ಹೋಗುತ್ತಾರೆ. ನೀವು ಹೋಗಬೇಡಿ. ಒಣಗಿದ ಬಣ್ಣಕ್ಕೆ ಮೊದಲು ಎಣ್ಣೆ ಕುಡಿಸಬೇಕು. ಇದಕ್ಕೆ ಗ್ಲೇಜ್ ಅಂತ ಬರುತ್ತದೆ. ಸವೆಸುವ ಪುಡಿ ಹೆಚ್ಚೇನೂ ಇಲ್ಲದ, ಎಣ್ಣೆಯಂಶ ಹೇರಳವಾಗಿರುವ ದ್ರವ. ಹಳೆಯ ಕಾರುಗಳ ಆಸಕ್ತರು ಮೆಗ್ವಾಯರ್ಸ್ ಕಂಪನಿಯ 7ನೇ ನಂಬರಿನ ಗ್ಲೇಜನ್ನು ಈ ಕೆಲಸಕ್ಕೆ ಬಹಳ ಕಾಲದಿಂದ ಬಳಸುತ್ತಾ ಬಂದಿದ್ದಾರೆ, ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದು. ಹತ್ತಿಯ ಟರ್ಕಿ ಟವೆಲ್ ತೆಗೆದುಕೊಂಡು ಅಂಚಿನ ಹೊಲಿಗೆ ಕತ್ತರಿಸಿಹಾಕಿ, ಗ್ಲೇಜನ್ನು ಜಿಪುಣತನವಿಲ್ಲದೆ ಸುರಿದು ಒಂದೊಂದೇ ಭಾಗಕ್ಕೆ ಚೆನ್ನಾಗಿ ತಿಕ್ಕಿ. ಟವೆಲಿನ ನೂಲೇ ಪುಡಿಯನ್ನು ಎತ್ತುತ್ತದೆ, ಎಣ್ಣೆ ಒಳಗಿಳಿಯುತ್ತದೆ. ಮೇಲೆ ಇನ್ನೊಂದು ದಪ್ಪ ಲೇಪ ಹಚ್ಚಿ ಇಡೀ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಒರೆಸಿ ನೋಡಿ. ಬಾನೆಟ್ಟಿನಂಥ ತೀರಾ ಒಣಗಿದ ಕಡೆ ಎರಡನೇ ರಾತ್ರಿಯೂ ಬೇಕಾಗುತ್ತದೆ. ಕೆಂಪು ಆಳವಾಗುತ್ತಾ ಬರುವುದು ಕಣ್ಣಿಗೆ ಕಾಣುತ್ತದೆ. ಗ್ಲೇಜ್ ಸಿಗಲಿಲ್ಲ ಅಂತ ಅಗಸೆ ಎಣ್ಣೆ, ಹರಳೆಣ್ಣೆ, ತೆಂಗಿನೆಣ್ಣೆ ಹಚ್ಚಬೇಡಿ. ಅಗಸೆ ಎಣ್ಣೆ ಒಣಗಿ ಅಂಟಂಟಾದ ಪೊರೆ ಕಟ್ಟುತ್ತದೆ, ಉಳಿದವು ದೂಳನ್ನು ಎಳೆದುಕೊಂಡು ಕೂರುತ್ತವೆ.

ಇಲ್ಲೊಂದು ಎಚ್ಚರಿಕೆ. ಆ ಕಾಲದ ಕೆಂಪು, ಹಳದಿ ಬಣ್ಣಗಳಲ್ಲಿ ಸೀಸದ ಸಂಯುಕ್ತ ಇರುವ ಸಾಧ್ಯತೆ ಇದೆ. ಕೈಗವಸು ಹಾಕಿಕೊಳ್ಳಿ, ಯಾವ ಹಂತದಲ್ಲೂ ಒಣ ಮರಳುಕಾಗದ ಆಡಿಸಬೇಡಿ, ಕೆಂಪಾದ ಬಟ್ಟೆಗಳನ್ನು ಮನೆಯ ಬಟ್ಟೆ ಜೊತೆ ಒಗೆಯದೆ ಎಸೆದುಬಿಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಎಣ್ಣೆ ಕುಡಿದ ಬಣ್ಣಕ್ಕೆ ಈಗ ಪಾಲಿಶ್. ಬಾನೆಟ್ಟಿನ ಮೇಲೆ ಎರಡಡಿ ಚೌಕದ ಜಾಗಕ್ಕೆ ಟೇಪ್ ಹಾಕಿ ಅಲ್ಲಿ ಮಾತ್ರ ಪ್ರಯೋಗ ಮಾಡಿ. ಅತಿ ನಯವಾದ ಪಾಲಿಶ್, ಮೆತ್ತನೆ ಫೋಮ್ ಪ್ಯಾಡ್, ಕೈಯಲ್ಲೇ. ಒರೆಸಿ, ಟೇಪ್ ಕಿತ್ತು, ನೆರಳಲ್ಲೂ ಬಿಸಿಲಲ್ಲೂ ನೋಡಿ. ತೃಪ್ತಿಯಾದರೆ ಇಡೀ ಕಾರಿಗೆ ಅದೇ ಸಾಕು. ಸಾಲದಿದ್ದರೆ ಒಂದೇ ಒಂದು ಮೆಟ್ಟಿಲು ಒರಟು. ಎಲ್ಲ ಗೀರೂ ಹೋಗಬೇಕೆಂಬ ಹಟ ಬೇಡ. ನಲವತ್ತು ವರ್ಷದ ಕಾರಿನಲ್ಲಿ ಹತ್ತು ಗೀರು ಉಳಿದರೆ ಅದರ ಮರ್ಯಾದೆಗೆ ಏನೂ ಕುಂದಿಲ್ಲ, ಆ ಗೀರು ತೆಗೆಯಲು ಹೋಗಿ ಪ್ರೈಮರ್ ಕಂಡರೆ ಮಾತ್ರ ಕುಂದು. ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳುಕಾಗದ, ಹಿಡಿಯುವ ಯೋಚನೆಯನ್ನು ನಿಮ್ಮ ಮಟ್ಟದಲ್ಲಿ ಬಿಟ್ಟುಬಿಡಿ.

ಮೆಷಿನ್ ಬಳಸುವುದಾದರೆ ಡ್ಯುಯಲ್ ಆಕ್ಷನ್ ಮೆಷಿನ್ ಮಾತ್ರ. ಅದರ ಪ್ಯಾಡ್ ಸುತ್ತುತ್ತಲೇ ಅಲುಗಾಡುವುದರಿಂದ ಒಂದೇ ಜಾಗದಲ್ಲಿ ಕಾವು ಕಟ್ಟುವುದು ಕಡಿಮೆ. ಗ್ಯಾರೇಜಿನ ರೋಟರಿ ಮೆಷಿನ್ ಪಳಗಿದ ಕೈಯಲ್ಲಿ ಅದ್ಭುತ ಕೆಲಸ ಮಾಡುತ್ತದೆ, ಪಳಗದ ಕೈಯಲ್ಲಿ ಕ್ಷಣಾರ್ಧದಲ್ಲಿ ಬಣ್ಣ ಸುಡುತ್ತದೆ. ಯಾವ ಮೆಷಿನ್ ಆದರೂ ಏಣುಗಳಿಗೆ ಮೊದಲೇ ಟೇಪ್ ಹಾಕಿ. ಹಸಿ ಬಣ್ಣ ಏಣಿನಿಂದ ಎರಡೂ ಕಡೆಗೆ ಜಾರುವುದರಿಂದ ಅಲ್ಲಿ ಪದರ ಯಾವಾಗಲೂ ತೆಳು. ಪದ್ಮಿನಿಯಲ್ಲಿ ಬಾನೆಟ್ ಅಂಚು, ಹಿಂದಿನ ಮಡ್‌ಗಾರ್ಡಿನ ರೆಕ್ಕೆಯಂಥ ತುದಿ, ಬಾಗಿಲ ಅಂಚು ಇವೇ ಮೊದಲು ಬಿಳಿಯಾಗುವ ಜಾಗಗಳು. ಇವನ್ನು ಕೊನೆಯಲ್ಲಿ ಕೈಯಿಂದ ಮಾಡಿ. ರಬ್ಬರ್ ಮತ್ತು ಬ್ಯಾಡ್ಜುಗಳಿಗೂ ಟೇಪ್ ಹಾಕಿ, ಒಳಗೆ ಹೊಕ್ಕ ಪಾಲಿಶ್ ಒಣಗಿದರೆ ತೆಗೆಯುವುದು ದೊಡ್ಡ ತಲೆನೋವು. ಪ್ಯಾಡ್ ಕೆಂಪಾಗುತ್ತಲೇ ಇರುತ್ತದೆ, ಪ್ರತಿ ಭಾಗಕ್ಕೂ ತೊಳೆದದ್ದು ಅಥವಾ ಹೊಸದು ಇರಲಿ.

ಕೊನೆಗೆ ವ್ಯಾಕ್ಸ್. ಗ್ಲೇಜಿಗಾಗಲಿ ಪಾಲಿಶಿಗಾಗಲಿ ಕಾಪಾಡುವ ಶಕ್ತಿ ಇಲ್ಲ, ಎಣ್ಣೆ ನಾಲ್ಕು ಮಳೆಗೆ ತೊಳೆದುಹೋಗುತ್ತದೆ. ಬ್ರೆಜಿಲ್‌ನ ತಾಳೆ ಜಾತಿಯ ಮರವೊಂದರ ಎಲೆಯಿಂದ ಬರುವ ಕಾರ್ನೌಬಾ ವ್ಯಾಕ್ಸ್ ಇಂಥ ಬಣ್ಣಕ್ಕೆ ಚೆನ್ನಾಗಿ ಒಪ್ಪುತ್ತದೆ. ತೆಳುವಾಗಿ ಒಂದು ಲೇಪ, ಮಾರನೇ ದಿನ ಇನ್ನೊಂದು. ದಪ್ಪ ಹಚ್ಚಿದರೆ ಒರೆಸುವ ಕಷ್ಟ ಹೆಚ್ಚುತ್ತದೆಯೇ ಹೊರತು ರಕ್ಷಣೆಯಲ್ಲ. ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಹಚ್ಚುತ್ತಿರಿ. ಒಂದು ಸಲ ಮುಂಗಾರಿಗೆ ಮುಂಚೆ, ಒಂದು ಸಲ ಹಿಂಗಾರು ಮುಗಿದ ಮೇಲೆ ತಪ್ಪದೆ ಆಗಲಿ. ಸೆರಾಮಿಕ್ ಕೋಟಿಂಗ್ ಮಾಡಿಸಿ ಅಂತ ಅಂಗಡಿಯವರು ಹೇಳುತ್ತಾರೆ. ಆ ಕೋಟಿಂಗ್ ಹಿಡಿಯಬೇಕಾದರೆ ಮೊದಲು ಆಲ್ಕೋಹಾಲ್ ಹಾಕಿ ಎಣ್ಣೆಯ ಅಂಶವನ್ನೆಲ್ಲ ತೆಗೆಯಬೇಕು. ನೀವು ಎರಡು ರಾತ್ರಿ ಕಾದು ಕುಡಿಸಿದ ಎಣ್ಣೆಯನ್ನು ಅವರು ತೆಗೆದುಹಾಕುತ್ತಾರೆ. ನಿಮ್ಮ ಕಾರಿಗೆ ಅದು ಬೇಡ.

ಎಡ ಮಡ್‌ಗಾರ್ಡಿನ ವಿಷಯದಲ್ಲಿ ಆತುರ ಬೇಡ. ಈಗ ಅದರ ಬಣ್ಣ ಉಳಿದ ಕಾರಿಗೆ ಹೊಂದುತ್ತಿರಲೂಬಹುದು, ಕಾರು ತೊಳೆದು ಎಣ್ಣೆ ಕುಡಿದ ಮೇಲೆ ಹೊಂದದೆಯೂ ಹೋಗಬಹುದು. ಪೂರ್ತಿ ಕೆಲಸ ಮುಗಿಸಿ ಹಗಲು ಬೆಳಕಿನಲ್ಲಿ ನೋಡಿ. ವ್ಯತ್ಯಾಸ ಕಣ್ಣಿಗೆ ಚುಚ್ಚಿದರೆ ಆ ಒಂದು ಭಾಗವನ್ನು ಮಾತ್ರ ಮತ್ತೆ ಬಣ್ಣ ಮಾಡಿಸಿ. ಬಣ್ಣ ಬೆರೆಸುವ ಅಂಗಡಿಯವರಿಗೆ ಪಾಲಿಶ್ ಆದ ಬಾಗಿಲನ್ನು ತೋರಿಸಿ ಹೊಂದಿಸಿ, ಮಾಸಿದ ಬಾನೆಟ್ಟಿಗೆ ಹೊಂದಿಸಬಾರದು. ಜೆ.ಸಿ. ರಸ್ತೆ ಕಡೆ ಕಣ್ಣಳತೆಯಲ್ಲೇ ಬಣ್ಣ ಹೊಂದಿಸುವ ಅನುಭವಸ್ಥರು ಸಿಗುತ್ತಾರೆ. ಕಾರನ್ನೇ ಅಲ್ಲಿಗೆ ಒಯ್ಯಿರಿ, ಫೋಟೋ ಒಯ್ಯಬೇಡಿ. ಕ್ಲಿಯರ್ ಕೋಟ್ ಇಲ್ಲದ, ಒಂದೇ ಪದರದ ಪಿಯು ಸಾಲಿಡ್ ಬಣ್ಣ ಕೇಳಿ, ಉಳಿದ ಕಾರಿನ ಹೊಳಪಿಗೆ ಅದೇ ಹತ್ತಿರ. ಹಳೆಯ ಬಣ್ಣದ ಮೇಲೆ ನೇರವಾಗಿ ಥಿನ್ನರ್ ಬೆರೆತ ಹೊಸ ಬಣ್ಣ ಹೊಡೆದರೆ ಕೆಳಗಿನದು ಸುಕ್ಕಾಗಿ ಏಳಬಹುದು, ಹಾಗಾಗಿ ನಡುವೆ ಸೀಲರ್ ಬೇಕೇ ಬೇಕು. ಡ್ಯಾಶ್‌ಬೋರ್ಡಿಗೆ ಸಿಲಿಕೋನ್ ಸ್ಪ್ರೇ ಹೊಡೆಯುವ ಅಭ್ಯಾಸವಿದ್ದರೆ ಪೇಂಟರಿಗೆ ಮೊದಲೇ ಹೇಳಿ, ಅದರ ಒಂದು ಹನಿ ಹೊಸ ಬಣ್ಣದಲ್ಲಿ ಗುಳಿ ಗುಳಿ ಎಬ್ಬಿಸುತ್ತದೆ. ಪಿಯು ಬಣ್ಣದ ಗಟ್ಟಿಕಾರಕದಲ್ಲಿರುವ ಐಸೋಸಯನೇಟ್ ಉಸಿರಿನ ಮೂಲಕ ಹೋದರೆ ಆಸ್ತಮಾ ತರಿಸಬಲ್ಲದು. ಸ್ಪ್ರೇ ಮಾಡುವ ಹುಡುಗನ ಮುಖದಲ್ಲಿ ಬರೀ ಕರ್ಚೀಫ್ ಇದ್ದರೆ ಸರಿಯಾದ ಮಾಸ್ಕ್ ಕೊಡಿ ಅಂತ ಮಾಲೀಕರಿಗೆ ನೀವೇ ಹೇಳಿ.

ಹಾಗಾದರೆ ಪೂರ್ತಿ ಬಣ್ಣ ಯಾವಾಗ ಮಾಡಿಸಬೇಕು? ಕೆಸರು ಒಣಗಿ ಬಿರಿದಂಥ ಬಿರುಕು ಎದ್ದಿದ್ದರೆ, ಬಣ್ಣದಡಿ ತುಕ್ಕು ಗುಳ್ಳೆ ಎಬ್ಬಿಸಿದ್ದರೆ, ಪ್ರೈಮರಿನ ಬೂದು ಅಥವಾ ರೆಡ್ ಆಕ್ಸೈಡ್ ಕೈಯಗಲ ಕಾಣುತ್ತಿದ್ದರೆ ಆ ಭಾಗಕ್ಕೆ ಬೇರೆ ದಾರಿ ಇಲ್ಲ. ಆಗಲೂ ಆ ಭಾಗಕ್ಕೆ ಮಾತ್ರ. ಉಗುರಗಲದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ರಸ್ಟ್ ಕನ್ವರ್ಟರ್ ಹಚ್ಚಿ, ಪ್ರೈಮರ್ ಮುಟ್ಟಿಸಿ, ಸಣ್ಣ ಕುಂಚದಲ್ಲಿ ಟಚ್‌ಅಪ್ ಮಾಡಿದರೆ ಸಾಕು.

ಮೆಟಾಲಿಕ್ ಮಾತ್ರ ಖಂಡಿತ ಬೇಡ. ಅದು ನಿಮ್ಮ ಕಾರು ಹುಟ್ಟಿದ ಬಣ್ಣವಲ್ಲ. ಪೂರ್ತಿ ಕೆರೆಯುವುದೆಂದರೆ ಗಾಜು, ಬೀಡಿಂಗ್, ಬ್ಯಾಡ್ಜ್ ಎಲ್ಲ ಬಿಚ್ಚಬೇಕು, ಮುಂಬೈನ ಕುರ್ಲಾ ಕಾರ್ಖಾನೆಯಲ್ಲಿ ಕೂತ ಹಾಗೆ ಅವು ಮತ್ತೆ ಕೂರುವುದು ಅಪರೂಪ. ಆರ್‌ಸಿಯಲ್ಲಿ ಬಣ್ಣ ನಮೂದಾಗಿರುವುದರಿಂದ ಬದಲಿಸಿದರೆ ಆರ್‌ಟಿಒ ಒಪ್ಪಿಗೆ ಪಡೆದು ತಿದ್ದಿಸಬೇಕು. ಇನ್ನೊಂದು ಮಾತು: 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದು, ಮೊದಲ ನೋಂದಣಿಯಿಂದ 50 ವರ್ಷ ದಾಟಿ ಮೂಲ ರೂಪದಲ್ಲಿರುವ ವಾಹನಕ್ಕೆ ವಿಎ ಅಕ್ಷರಗಳ ಸಂಖ್ಯಾಫಲಕ ಪಡೆಯುವ ಅವಕಾಶ ಕೊಟ್ಟಿತು. ನಿಮ್ಮ ಪದ್ಮಿನಿಗೆ 2032ಕ್ಕೆ ಐವತ್ತು ತುಂಬುತ್ತದೆ. ಅಷ್ಟರವರೆಗೆ ಮೂಲ ಬಣ್ಣ ಉಳಿಸಿಕೊಂಡ ಪದ್ಮಿನಿಗಳು ಎಷ್ಟು ಇರುತ್ತವೆ ಯೋಚಿಸಿ. ಹೊಸದಾಗಿ ಬಣ್ಣ ಹೊಡೆದ ಹಳೆಯ ಕಾರು ದುಡ್ಡಿದ್ದರೆ ಯಾವತ್ತೂ ಮಾಡಿಸಬಹುದು. ಕಾರ್ಖಾನೆಯ ಬಣ್ಣ ಒಮ್ಮೆ ಹೋದರೆ ಯಾವ ದುಡ್ಡಿಗೂ ಬರುವುದಿಲ್ಲ.

ಕೆಲಸವಾದ ಮೇಲೆ ಮತ್ತೆ ಮಳೆಮರದ ಕೆಳಗೇ ನಿಲ್ಲಿಸುವುದಾದರೆ ಗಾಳಿಯಾಡುವ ಬಟ್ಟೆಯ ಕವರ್ ಕೊಳ್ಳಿ. ಪ್ಲಾಸ್ಟಿಕ್ ಕವರ್ ಒಳಗೆ ಬೆವರಿ ತುಕ್ಕು ತರುತ್ತದೆ. ದೂಳು ಇರುವ ಕಾರಿಗೆ ಕವರ್ ಹಾಕಬೇಡಿ, ಗಾಳಿಗೆ ಅದು ಅಲುಗಿದಾಗಲೆಲ್ಲ ಬಣ್ಣ ಉಜ್ಜುತ್ತದೆ. ಸಾಧ್ಯವಾದರೆ ಒಂದು ಶೀಟಿನ ಸೂರು ಹಾಕಿಸಿ, ಎಲ್ಲ ಪಾಲಿಶ್‌ಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಬಂಪರಿಗೆ ಬಂದರೆ, ಹೊಳೆಯುವ ಕ್ರೋಮ್ ಪದರ ಬಹಳ ತೆಳು, ಉಕ್ಕನ್ನು ನಿಜವಾಗಿ ಕಾಪಾಡುವುದು ಅದರ ಕೆಳಗಿನ ನಿಕಲ್. ಚುಕ್ಕೆ ಚುಕ್ಕೆ ತುಕ್ಕಿದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ, ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆದುವಾದ್ದರಿಂದ ಗೀರು ಬೀಳುವ ಭಯ ಕಡಿಮೆ. ಆಮೇಲೆ ಕ್ರೋಮ್ ಪಾಲಿಶ್, ಅದರ ಮೇಲೆ ವ್ಯಾಕ್ಸ್. ಪಾತ್ರೆ ಉಜ್ಜುವ ಸ್ಟೀಲ್ ನಾರು ಬೇಡ. ಪದರ ಸಿಪ್ಪೆ ಎದ್ದಿದ್ದರೆ ಮಾತ್ರ ಮರುಲೇಪನ. ಪೀಣ್ಯದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಬಹಳ ಇವೆ. ಹಳೆಯದನ್ನು ಪೂರ್ತಿ ತೆಗೆದು ತಾಮ್ರ, ನಿಕಲ್, ಆಮೇಲೆ ಕ್ರೋಮ್ ಹೀಗೆ ಮೂರು ಪದರ ಹಾಕುತ್ತೀರಾ ಎಂದು ಮೊದಲೇ ಕೇಳಿ. ಹಳೆಯದರ ಮೇಲೇ ಕ್ರೋಮ್ ಎಳೆದುಕೊಡುತ್ತೇವೆ ಅನ್ನುವವರ ಹತ್ತಿರ ಕೊಡಬೇಡಿ, ಒಂದು ಮಳೆಗಾಲಕ್ಕೆ ತುಕ್ಕು ಮರಳುತ್ತದೆ. ಬಿಚ್ಚುವುದಕ್ಕೆ ಎರಡು ದಿನ ಮುಂಚೆಯೇ ಬಂಪರಿನ ಬೋಲ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿಡಿ, ಬೋಲ್ಟು ಮುರಿದರೆ ಬ್ರಾಕೆಟ್ಟಿಗೆ ವೆಲ್ಡಿಂಗ್ ಮಾಡಿಸಬೇಕಾಗುತ್ತದೆ, ಪಕ್ಕದಲ್ಲೇ ಇರುವ ನಿಮ್ಮ ಕೆಂಪು ಬಣ್ಣಕ್ಕೆ ಆ ಕಾವು ತಾಗುತ್ತದೆ.